ಕರೆಂಟ್ ಹಮ್ಮಿಂಗ್ ಹಿಡಿದು ಅಪೊಲೊ 11ರ ಟೇಪ್ ವೇಗ ಸರಿಮಾಡಿದ್ದು

"ಗುಂಯ್‌ಗುಡೋ ಕರೆಂಟ್ ಸದ್ದನ್ನ ನಂಬ್ಕೊಂಡು ಟೇಪ್ ತಿದ್ತೀರಾ?" ಎಂದು ನಕ್ಕವರಿಗೆಲ್ಲ ಈಗ ಫೈಲ್ ಕಳಿಸಿ ಆಗಿದೆ. ಉತ್ತರ ಬಂದಿಲ್ಲ. ಉಪಾಯ ಇಷ್ಟೇ: ಅಮೆರಿಕದ ಕರೆಂಟ್ ಸೆಕೆಂಡಿಗೆ 60 ಸಲ (60 ಹರ್ಟ್ಜ್) ಮಿಡಿಯುತ್ತದೆ, ಆ ಗುಂಯ್ ಸದ್ದು, ಅಂದರೆ ಹಮ್ಮಿಂಗ್, ರೆಕಾರ್ಡ್ ಮಾಡುವಾಗಲೇ ಟೇಪಿಗೂ ಸೇರಿರುತ್ತದೆ. ಟೇಪಿನ ವೇಗ ತೂರಾಡಿದರೆ ಅದರ ಸ್ವರವೂ ಏರಿಳಿಯುತ್ತದೆ, ಆ ಏರಿಳಿತ ಅಳೆದು ವೇಗ ತಿದ್ದಬಹುದು.

ಮನುಷ್ಯ ಮೊದಲು ಚಂದ್ರನ ಮೇಲಿಳಿದ ಅಪೊಲೊ 11ರ ಹೊತ್ತಿನ ಹೂಸ್ಟನ್‌ನ ಮಿಷನ್ ಕಂಟ್ರೋಲ್ (ನೆಲದ ನಿಯಂತ್ರಣ ಕೊಠಡಿ) ಒಳಮಾತೆಲ್ಲ ಒಂದಿಂಚು ಟೇಪಿನಲ್ಲಿ, 30 ಟ್ರ್ಯಾಕ್ ಪಕ್ಕಪಕ್ಕ. ಉಳಿದಿದ್ದ ಸೌಂಡ್‌ಸ್ಕ್ರೈಬರ್ ಯಂತ್ರ ಸಲಕ್ಕೆ ಒಂದೇ ಟ್ರ್ಯಾಕ್ ಓದುತ್ತಿತ್ತು. ಡಲ್ಲಾಸ್‌ನ ಟೆಕ್ಸಸ್ ವಿಶ್ವವಿದ್ಯಾಲಯದವರು ಟೇಪ್ ಓದುವ ಹೊಸ ಹೆಡ್ ಕೂರಿಸಿ ಮೂವತ್ತನ್ನೂ ಒಟ್ಟಿಗೆ ಇಳಿಸಿಕೊಂಡರು. ನನಗೆ ಬೇಕಿದ್ದದ್ದೇ ಅದು. ಒಟ್ಟಿಗೆ ಓಡಿದ ಟ್ರ್ಯಾಕ್‌ಗಳು ಒಟ್ಟಿಗೇ ತೂರಾಡುತ್ತವೆ. ಒಂದರಲ್ಲಿ ತೂರಾಟದ ಗೆರೆ ಸಿಕ್ಕರೆ ಉಳಿದ 29ಕ್ಕೂ ಅದೇ ಸಾಕು.

ಖರ್ಚು ಶುರುವಾದದ್ದು ಡಿಸ್ಕಿನಿಂದ. 44.1 ಕಿಲೋಹರ್ಟ್ಜ್ ವೇವ್ ಫೈಲು ಗಂಟೆಗೆ 300 ಎಂಬಿ ಮೇಲೆ. ಹತ್ತು ಗಂಟೆ, 30 ಟ್ರ್ಯಾಕ್ ಅಂದರೆ ಹತ್ತಿರಹತ್ತಿರ 95 ಜಿಬಿ, ತಿದ್ದಿದ ಪ್ರತಿಗೆ ಮತ್ತಷ್ಟು. 4 ಟಿಬಿ ಡಿಸ್ಕ್ ಎರಡಕ್ಕೆ ಹದಿನೆಂಟು ಸಾವಿರದ ಆಸುಪಾಸು. ಜೊತೆಗೆ ಬಾಡಿಗೆ ಸಾಫ್ಟ್‌ವೇರ್‌ಗೆ ಮೂರು ತಿಂಗಳು ದಂಡ. ಅದು ಸಂಗೀತಕ್ಕೆ ಮಾಡಿದ್ದು, ಸ್ವರ ಹುಡುಕುತ್ತದೆ. ಕಂಟ್ರೋಲ್‌ನ ಫ್ಲೈಟ್ ಡೈರೆಕ್ಟರ್ ಜೀನ್ ಕ್ರಾಂಜ್ ದನಿ ಏರಿಸಿದ್ದನ್ನೇ ಟೇಪಿನ ದೋಷ ಅಂದುಕೊಂಡು ಚಪ್ಪಟೆ ಮಾಡಿಬಿಟ್ಟಿತು.

ಮೊದಲು ಎಂಪಿ3 ಮೇಲೆ ಪ್ರಯತ್ನಿಸಿದ್ದು ತಪ್ಪು. ಕೇಳಿಸದ ಹಮ್ಮಿಂಗನ್ನು ಅದು ಎಸೆದಿರುತ್ತದೆ. ಆಮೇಲೆ ಗದ್ದಲ ತೆಗೆದು ವೇಗ ಅಳೆದದ್ದು ಇನ್ನೂ ದೊಡ್ಡ ತಪ್ಪು: ಅಳತೆಗೋಲನ್ನೇ ಒಲೆಗೆ ಹಾಕಿದಂತೆ. 60 ಹರ್ಟ್ಜ್ ಬಲು ಕ್ಷೀಣ, ಅದರ ಮೂರರಷ್ಟು, 180, ಗಟ್ಟಿಯಾಗಿ ಸಿಕ್ಕಿತು. 4 ಸೆಕೆಂಡ್ ಕಿಟಕಿ (ಸಲಕ್ಕೆ ಅಳೆಯುವ ತುಂಡು) ಇಟ್ಟರೆ ತೂರಾಟ ಸವೆದುಹೋಗುತ್ತದೆ, ಅರ್ಧ ಸೆಕೆಂಡಿಗೆ ಬರೀ ಗದ್ದಲ. 1 ಸೆಕೆಂಡ್ ಕಿಟಕಿ, ಕಾಲು ಸೆಕೆಂಡ್ ಜಿಗಿತ, ಮೇಲೆ ಹುಚ್ಚು ಅಳತೆಗಳನ್ನು ಸೋಸುವ ಮೀಡಿಯನ್ ಫಿಲ್ಟರ್. ಬಂದ ಗೆರೆಯನ್ನು ಕೂಡಿಸುತ್ತಾ ಹೋಗಿ ಕಾಲದ ನಕ್ಷೆ ಮಾಡಿ ರೀಸ್ಯಾಂಪಲ್, ಅಂದರೆ ಆ ನಕ್ಷೆಯಂತೆ ಸದ್ದನ್ನು ಹಿಗ್ಗಿಸಿ ಕುಗ್ಗಿಸುವುದು. ಎಲ್ಲ ಪುಕ್ಕಟೆ ಪೈಥಾನ್ ಪ್ರೋಗ್ರಾಮಿನಲ್ಲಿ. ಹಮ್ಮಿಂಗ್ ಕಡಿದುಹೋದ ಜಾಗಗಳನ್ನು ಹೇಗೆ ಹೊಲಿದೆ ಅನ್ನುವುದು ನನ್ನಲ್ಲೇ ಇರಲಿ.

ತಾಳೆ ನೋಡಲು ಕ್ವಿಂಡಾರ್ ಬೀಪ್ ಇದೆಯಲ್ಲ, ನೆಲದಿಂದ ನೌಕೆಗೆ ಮಾತಾಡುವಾಗಿನ ಸಂಕೇತ ಸದ್ದು: ಮಾತಿನ ಮೊದಲು 2525, ಕೊನೆಗೆ 2475 ಹರ್ಟ್ಜ್, ಕಾಲು ಸೆಕೆಂಡ್. ಇದರಲ್ಲೂ ಎಡವಿದೆ. ಎರಡಕ್ಕೂ ಅಂತರ ಶೇಕಡಾ 2. ಒಂದನ್ನು ಇನ್ನೊಂದು ಅಂದುಕೊಂಡರೆ ಟೇಪೇ 2% ತಪ್ಪಿದಂತೆ ಕಾಣುತ್ತದೆ. ಒಂಟಿ ಬೀಪ್ ನಂಬಬೇಡಿ, ಜೋಡಿ ಹಿಡಿಯಿರಿ. ಕೊನೆಯ ಪರೀಕ್ಷೆ, ಉಡಾವಣೆಯಾಗಿ 102 ಗಂಟೆ 38 ನಿಮಿಷ 26 ಸೆಕೆಂಡಿನ 1202 ಅಲಾರಂ (ಚಂದ್ರನಿಗೆ ಇಳಿಯುವಾಗ ನೌಕೆಯ ಕಂಪ್ಯೂಟರ್ ಕೊಟ್ಟ ಎಚ್ಚರಿಕೆ) ಮಾತು. ಬೇರೆಬೇರೆ ರೆಕಾರ್ಡರ್‌ಗಳ ಎರಡು ಟೇಪಿನಲ್ಲೂ ಅದು ಕೇಳುತ್ತದೆ. ಗಂಟೆಗೆ ನಾಲ್ಕೈದು ಸೆಕೆಂಡ್ ಜಾರುತ್ತಿದ್ದವು ಈಗ 20 ಮಿಲಿಸೆಕೆಂಡ್ ಒಳಗೆ ಕೂತಿವೆ. ಹೆಡ್ ಓರೆಯಿಂದ ಬರುವ ಸಣ್ಣ ವ್ಯತ್ಯಾಸ ಬೇರೆ, ಅದನ್ನು ಟ್ರ್ಯಾಕಿಗೊಂದು ಸ್ಥಿರ ಅಂಕಿ ಕೊಟ್ಟು ಕಳೆದರೆ ಆಯಿತು.

ಹುರುಪಿನಲ್ಲಿ ಇದೇ ಉಪಾಯವನ್ನು 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯುಟ್ 7ಕ್ಕೆ ಹೋದಾಗಿನ ರೇಡಿಯೊ ಕ್ಯಾಸೆಟ್ ಮೇಲೂ ಪ್ರಯೋಗಿಸಿದೆ, ನಮ್ಮ ಕರೆಂಟಿನ 50 ಹರ್ಟ್ಜ್ ಲೆಕ್ಕದಲ್ಲಿ. ಮಾತು ಮೊದಲಿಗಿಂತ ಕೆಟ್ಟಿತು. ಅಮೆರಿಕದ 60 ಹೆಚ್ಚುಕಮ್ಮಿ 60ರಲ್ಲೇ ಇರುತ್ತದೆ. ನಮ್ಮ ಆಗಿನ ಗ್ರಿಡ್ಡು ಲೋಡ್ ಏರಿದಂತೆ 49ರ ಕೆಳಗೂ ಕುಸಿಯುತ್ತಿತ್ತು. ತೂರಾಡಿದ್ದು ಟೇಪೋ ಕರೆಂಟೋ, ಹಮ್ಮಿಂಗ್ ಒಂದರಿಂದಲೇ ಬಿಡಿಸಲಾಗದು. ಆ ಫೈಲನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ.