ಸ್ಟ್ರಾಬೆರಿ ರನ್ನರ್‌ನಿಂದ ಹೊಸ ಗಿಡ ಮಾಡಿಕೊಂಡ ನನ್ನ ಅನುಭವ

ಮೊದಲ ಸಲ ಸ್ಟ್ರಾಬೆರಿ ಗಿಡದಲ್ಲಿ ರನ್ನರ್, ಅಂದರೆ ನೆಲದ ಮೇಲೆ ಹರಿಯುವ ಹಂಬು, ಕಂಡಾಗ ಖುಷಿಗೆ ತಡೆಯಲಾಗದೆ, ಅದರಲ್ಲಿ ಮೂಡಿದ ಮರಿಗಿಡಗಳನ್ನೆಲ್ಲ ಕತ್ತರಿಸಿ ನೇರ ಮಣ್ಣಿಗೆ ನೆಟ್ಟುಬಿಟ್ಟೆ. ಮೂರನೇ ದಿನಕ್ಕೇ ಎಲೆಗಳು ಜೋತುಬಿದ್ದವು. ಒಂದೂ ಉಳಿಯಲಿಲ್ಲ, ತುಂಬಾ ಬೇಜಾರಾಯಿತು. ಈಗ ಮರಿ ಚೆನ್ನಾಗಿ ಬೇರು ಬಿಡುವ ತನಕ ತಾಯಿ ಗಿಡದಿಂದ ಬಿಡಿಸುವುದೇ ಇಲ್ಲ. ಆ ಹಂಬು ಮರಿಗೆ ಹೊಕ್ಕುಳಬಳ್ಳಿ ಇದ್ದ ಹಾಗೆ, ನೀರು, ಆಹಾರ ಎಲ್ಲ ಅದರಲ್ಲೇ ಬರುತ್ತಿರುತ್ತದೆ.

ಹಂಬಿನ ಮೊದಲ ಗೆಣ್ಣು ಸಾಮಾನ್ಯವಾಗಿ ಖಾಲಿ ಇರುತ್ತದೆ, ಎರಡನೆಯದರಲ್ಲಿ ಮರಿ ಬರುತ್ತದೆ. ಅಲ್ಲಿಂದ ಹಂಬು ಮುಂದೆ ಹೋಗಿ ಇನ್ನೊಂದು, ಮತ್ತೊಂದು ಮರಿ ಹಾಕುತ್ತದೆ. ತಾಯಿಗೆ ಹತ್ತಿರದ ಮರಿಯೇ ಗಟ್ಟಿ, ಅದನ್ನು ಇಟ್ಟುಕೊಂಡು ಮುಂದಿನ ಬಾಲವನ್ನು ಕತ್ತರಿಸುತ್ತೇನೆ. ಮರಿಯನ್ನು ಮೆಲ್ಲಗೆ ಮಗುಚಿ ನೋಡಿ, ಅಡಿಯಲ್ಲಿ ಸಣ್ಣ ಸಣ್ಣ ಮೊಂಡು ಬೇರುಗಳು ಮಣ್ಣಿಗಾಗಿ ಕಾಯುತ್ತಿರುತ್ತವೆ.

ಒಂದು ತಾಯಿಗೆ ಮೂರು ನಾಲ್ಕು ಮರಿ ಸಾಕು. ಎಲೆ ಮುದುರಿದ, ಹಳದಿ ಮಚ್ಚೆ ಬಿದ್ದ ಗಿಡದಿಂದ ಮಾತ್ರ ಮರಿ ಮಾಡಲೇಬೇಡಿ, ವೈರಸ್ ಇದ್ದರೆ ಅದು ಹಂಬಿನ ಮೂಲಕ ಮರಿಗೂ ಬರುತ್ತದೆ.

ಮಣ್ಣು, ಎರೆಗೊಬ್ಬರ, ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಕಲಸಿ ತುಂಬಿದ ಸಣ್ಣ ಕುಂಡವನ್ನು ತಾಯಿ ಗಿಡದ ಪಕ್ಕದಲ್ಲೇ ಇಟ್ಟು, ಮರಿಯನ್ನು ಅದರ ಮೇಲೆ ಕೂರಿಸಿ, ತಂತಿಯನ್ನು ಹೇರ್‌ಪಿನ್ ತರಹ ಬಗ್ಗಿಸಿ ಹಂಬಿನ ಮೇಲೆ ಚುಚ್ಚುತ್ತೇನೆ. ತಂತಿ ಹಂಬನ್ನು ಹಿಡಿಯಬೇಕು, ಮರಿಯನ್ನು ಒತ್ತಬಾರದು. ಇಲ್ಲಿ ಒಂದು ಮಾತು ಜೋರಾಗಿಯೇ ಹೇಳುತ್ತೇನೆ: ಎಲೆ ಹೊರಡುವ ಸುಳಿ ಮಣ್ಣಿನ ಮಟ್ಟಕ್ಕೇ ಇರಲಿ. ಒಳಗೆ ಹೂತರೆ ಕೊಳೆಯುತ್ತದೆ, ಜಾಸ್ತಿ ಮೇಲೆ ನಿಂತರೆ ಬೇರು ಒಣಗುತ್ತದೆ. ಹೋದ ಸಲ ಹನ್ನೆರಡು ಮರಿ ಕೂರಿಸಿದ್ದೆ. ಸತ್ತದ್ದು ಒಂದೇ. ನೀರು ಹಾಕುವಾಗ ಮಣ್ಣು ಹಾರಿ ಅದರ ಸುಳಿ ಮುಚ್ಚಿಹೋಗಿತ್ತು, ನಾನು ಗಮನಿಸಿರಲಿಲ್ಲ.

ಆಮೇಲೆ ಮಣ್ಣು ಆರದಂತೆ ನೋಡಿಕೊಂಡರೆ ಸಾಕು. ನಾಲ್ಕರಿಂದ ಆರು ವಾರ ಬೇಕು. ಮರಿಯನ್ನು ಬೆರಳಲ್ಲಿ ಹಿಡಿದು ಸುಮ್ನೆ ಸ್ವಲ್ಪ ಎಳೆದು ನೋಡಿ, ಬಿಗಿಯಾಗಿ ಹಿಡಿದುಕೊಂಡಿದ್ದು ಹೊಸ ಎಲೆಯೂ ಬಂದಿದ್ದರೆ ಹಂಬನ್ನು ಕತ್ತರಿಸಬಹುದು. ನಾನು ಕತ್ತರಿಸಿದ ಮೇಲೂ ಕೆಲವು ದಿನ ನೆರಳಲ್ಲೇ ಇಟ್ಟು, ಆಮೇಲೆ ಸುಮಾರು 30 ಸೆಂಟಿಮೀಟರ್ ಅಂತರದಲ್ಲಿ ನೆಡುತ್ತೇನೆ. ಮೊದಲು ಬಂದ ಹೂಗಳನ್ನು ಚಿವುಟುತ್ತೇನೆ, ಮನಸ್ಸು ಬರುವುದಿಲ್ಲ ನಿಜ, ಆದರೆ ಗಿಡದ ಶಕ್ತಿ ಬೇರಿಗೆ ಹೋಗಬೇಕಲ್ವಾ.

ಮೂರು ನಾಲ್ಕು ವರ್ಷಕ್ಕೆ ತಾಯಿ ಗಿಡದ ಹಣ್ಣು ಚಿಕ್ಕದಾಗುತ್ತಾ ಬರುತ್ತದೆ, ಆಗ ಅದನ್ನು ತೆಗೆದು, ಅದರ ಬದಲಿಗೆ ಈ ಮರಿಗಳನ್ನು ಬೆಳೆಸುತ್ತೇನೆ. ಅದೇ ಮಡಿಯಲ್ಲಿ ಅಲ್ಲ, ಬೇರೆ ಮಡಿಯಲ್ಲಿ. ಹಳೆಯ ಮಣ್ಣಿನಲ್ಲಿರುವ ಬೇರಿನ ರೋಗ ಹೊಸ ಗಿಡಕ್ಕೆ ಹತ್ತುವುದು ಬೇಡ.