ಕಾರಿನ ರೂಫ್ ಬಟ್ಟೆ ಬದಲಾಯಿಸುವುದು: ಎಳೆಯಬೇಡಿ, ಕೂರಿಸಿ

ನಾನು ಮಂಡ್ಯದಲ್ಲಿ ಬ್ಲೌಸ್ ಹೊಲಿಯುವವಳು. ಕಾರಿನ ಕೆಲಸ ನನ್ನದಲ್ಲ. ಆದರೆ ಹೋದ ವರ್ಷ ನಮ್ಮ ಹಳೇ ಕಾರಿನ ರೂಫ್ ಬಟ್ಟೆ ಜೋತು ಬಿದ್ದು, ಹಿಂದೆ ಕೂತವರ ತಲೆಗೆ ಮುಸುಕು ಹಾಕಿದ ಹಾಗಾಯ್ತು. ನಮ್ಮ ಯಜಮಾನರು ಗುಂಡುಸೂಜಿ ಚುಚ್ಚಿ ನಿಲ್ಲಿಸಿದ್ದರು. ಹಂಪ್ ಬಂದಾಗಲೆಲ್ಲ ಒಂದು ಸೂಜಿ ಮಡಿಲಿಗೆ. ಕೊನೆಗೆ, "ರೀ, ಬಟ್ಟೆ ಕೆಲಸ ತಾನೆ, ನಾನೇ ಮಾಡ್ತೀನಿ ಬಿಡಿ" ಅಂದೆ.

ಮೊದಲು ಜೋತ ಬಟ್ಟೆಯನ್ನು ಬೆರಳಲ್ಲಿ ತಟ್ಟಿ ನೋಡಿ. ಹಳದಿ ಪುಡಿ ಉದುರಿದರೆ ಕೆಟ್ಟಿರುವುದು ಅಂಟಲ್ಲ, ಫೋಮ್. ಈ ಬಟ್ಟೆಯ ಬೆನ್ನಿಗೆ ತೆಳ್ಳನೆಯ ಫೋಮ್ ಇರುತ್ತದೆ, ಸುಮಾರು 3 ಮಿಲಿಮೀಟರ್. ವರ್ಷಗಟ್ಟಲೆ ಬಿಸಿಲು, ತೇವ ಕುಡಿದು ಅದು ರಸ್ಕಿನ ಹಾಗೆ ಪುಡಿಯಾಗುತ್ತದೆ. ಪುಡಿಗೆ ಅಂಟು ಹಚ್ಚಿದರೆ ನಿಲ್ಲುತ್ತಾ? ಹಳೇ ಬಟ್ಟೆಯನ್ನೇ ಮತ್ತೆ ಅಂಟಿಸುವ ಆಸೆ ಬಿಟ್ಟುಬಿಡಿ. ಕಾರು ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿ ಫೋಮ್ ಸಮೇತ ರೂಫ್ ಬಟ್ಟೆ ಅಂತಲೇ ಕೇಳಿ. ಈ ಬಟ್ಟೆ ಅಂಟಿಸಿರುವ, ರೂಫಿನ ಒಳಗಿನ ಬೋರ್ಡಿನ ಅಳತೆಗಿಂತ ಸುತ್ತಲೂ ನಾಲ್ಕು ಇಂಚು ಜಾಸ್ತಿ ಇರಲಿ.

ಬಿಚ್ಚುವ ಮುಂಚೆ ಒಂದು ಮಾತು. ಪಕ್ಕದ ಕಂಬಗಳ ಪ್ಲಾಸ್ಟಿಕ್ ಮೇಲೆ ಏರ್‌ಬ್ಯಾಗ್ ಅಂತ ಬರೆದಿದ್ದರೆ ನೀವು ಕೈ ಹಾಕಬೇಡಿ, ಮೆಕ್ಯಾನಿಕ್‌ಗೆ ಬಿಡಿ. ನಮ್ಮದು ಹಳೇ ಕಾರು, ಆ ತಾಪತ್ರಯ ಇರಲಿಲ್ಲ. ಬ್ಯಾಟರಿಯ ಮೈನಸ್ ವೈರ್ ತೆಗೆದು, ಸನ್ ವೈಸರ್, ಹಿಡಿಕೆ, ಒಳಗಿನ ಲೈಟ್, ಕಂಬದ ಪ್ಲಾಸ್ಟಿಕ್, ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಎಲ್ಲ ಬಿಚ್ಚಿದೆವು. ಪ್ರತಿ ಹಂತಕ್ಕೂ ಒಂದು ಫೋಟೋ. ಸ್ಕ್ರೂಗಳನ್ನು ಇಡ್ಲಿ ತಟ್ಟೆಯಲ್ಲಿ ಇಟ್ಟೆ, ಒಂದೊಂದು ಜಾಗದ್ದು ಒಂದೊಂದು ಗುಳಿಗೆ. "ಏನವ್ವ ಇದು, ಇಡ್ಲಿ ತಟ್ಟೇಲಿ ಮೊಳೆ ಬೇಯಿಸ್ತೀಯಾ?" ಅಂದರು ಅತ್ತೆ. ಪ್ಲಾಸ್ಟಿಕ್ ಕ್ಲಿಪ್ ಎರಡು ಮೂರು ಮುರಿದೇ ಮುರಿಯುತ್ತವೆ, ಮೊದಲೇ ತಂದಿಡಿ.

ಬೋರ್ಡನ್ನು ಒಬ್ಬರೇ ಇಳಿಸಬೇಡಿ. ಮುಂದಿನ ಸೀಟು ಪೂರ್ತಿ ಒರಗಿಸಿ, ಮೈದುನ ಒಂದು ತುದಿ ಹಿಡಿದ, ಡಿಕ್ಕಿಯಿಂದ ಹೊರಗೆ ಎಳೆದುಕೊಂಡೆವು. ಮಡಚಿದರೆ ಗೆರೆ ಬೀಳುತ್ತದೆ. ಆ ಗೆರೆ ಹೊಸ ಬಟ್ಟೆಯಲ್ಲೂ ಕಾಣುತ್ತದೆ.

ಬಟ್ಟೆ ಕಿತ್ತ ಮೇಲೆ ಉಳಿದ ಫೋಮ್ ಉಜ್ಜುವುದೇ ಬೇಜಾರಿನ ಕೆಲಸ. ನೈಲಾನ್ ಬ್ರಷ್ ಸಾಕು. ತಂತಿ ಬ್ರಷ್ ಬೋರ್ಡನ್ನೇ ಕೆರೆದು ಹಾಕುತ್ತದೆ. ಮಾಸ್ಕ್, ತುಂಬು ತೋಳಿನ ಅಂಗಿ ಹಾಕಿಕೊಂಡು ಹೊರಗೆ ಮಾಡಿ, ಮೈಯೆಲ್ಲ ಕಡಿಯುತ್ತದೆ. ನೀರು ಮಾತ್ರ ಮುಟ್ಟಿಸಬೇಡಿ, ಬೋರ್ಡ್ ಸೊಟ್ಟಗಾಗುತ್ತದೆ. ಅಂಗೈ ಆಡಿಸಿದಾಗ ಏನೂ ತೊಡರಬಾರದು, ಅಷ್ಟು ನುಣ್ಣಗಾಗಲಿ.

ಅಂಟು ಮರಕ್ಕೆ ಹಾಕುವ ಬಿಳಿಯದು ಬೇಡ. ಎರಡೂ ಕಡೆ ಹಚ್ಚಿ ಒಣಗಿಸಿ ಅಂಟಿಸುವ ಹಳದಿ ರಬ್ಬರ್ ಅಂಟು, ಅದರಲ್ಲೂ ಶಾಖ ತಡೆಯುವಂಥದ್ದು ಬೇಕು. ಒಲೆ, ದೀಪ ಹತ್ತಿರ ಇರಬಾರದು. ನಾನು ಮೊದಲ ದಿನ ಮನೆ ಮುಂದೆಯೇ ಹಚ್ಚಿಟ್ಟೆ. ಪಕ್ಕದ ಗದ್ದೆಯಲ್ಲಿ ಕಬ್ಬಿನ ತರಗಿಗೆ ಬೆಂಕಿ ಇಟ್ಟಿದ್ದರು. ಕಪ್ಪು ಬೂದಿ ಹಾರಿ ಬಂದು ಅಂಟಿನ ಮೇಲೆ ಅಚ್ಚುಕಟ್ಟಾಗಿ ಕೂತಿತು! ಉಜ್ಜಿ ತೆಗೆದು ಮಾರನೇ ದಿನ ಶೆಡ್ಡಿನೊಳಗೆ, ಬಾಗಿಲು ತೆರೆದಿಟ್ಟು ಮಾಡಿದೆ.

ಬಟ್ಟೆಯನ್ನು ಬೋರ್ಡಿನ ಮೇಲೆ ಹರಡಿ, ಅರ್ಧ ಹಿಂದಕ್ಕೆ ಮಡಚಿ. ಆ ಅರ್ಧಕ್ಕೆ ಮಾತ್ರ, ಬೋರ್ಡಿಗೂ ಫೋಮಿಗೂ, ತೆಳ್ಳಗೆ ಅಂಟು ಹಚ್ಚಿ. ದಪ್ಪ ಹಚ್ಚಿದರೆ ಫೋಮ್ ಕುಡಿದು ಮೇಲೆ ಕಲೆ ಕಾಣುತ್ತದೆ. ಬೆರಳ ಹಿಂಭಾಗ ತಾಗಿಸಿದಾಗ ಜಿಗುಟು ಅನ್ನಿಸಬೇಕು, ಆದರೆ ಬೆರಳಿಗೆ ಅಂಟು ಬರಬಾರದು. ಆಗ ಮಧ್ಯದಿಂದ ಅಂಚಿಗೆ ಅಂಗೈಯಲ್ಲಿ ಒತ್ತುತ್ತಾ ಹೋಗಿ.

ನಾನು ಎಡವಿದ್ದು ಇಲ್ಲೇ. ಹೊಲಿಯುವವರ ಕೈಗೆ ಬಟ್ಟೆ ಬಿಗಿಯಾಗಿ ಎಳೆಯುವ ಚಟ. ಲೈಟ್ ಕೂರುವ ಗುಳಿಯ ಮೇಲೆ ತಮಟೆ ಬಿಗಿದ ಹಾಗೆ ಎಳೆದೆ. ನೋಡಲು ಚೆಂದ ಇತ್ತು. ಮೂರೇ ದಿನದ ಬಿಸಿಲಿಗೆ ಅಲ್ಲಿ ಎದ್ದು ನಿಂತಿತು, ಆ ಭಾಗ ಮತ್ತೆ ಬಿಚ್ಚಬೇಕಾಯ್ತು. ಎಳೆದ ಬಟ್ಟೆ ಅಲ್ಲಿಂದ ಬಿಡಿಸಿಕೊಳ್ಳಲು ಸದಾ ನೋಡುತ್ತಿರುತ್ತದೆ. ಗುಳಿ ಬಂದ ಕಡೆ ಮೊದಲು ಗುಳಿಯ ತಳಕ್ಕೆ ಬಟ್ಟೆ ಇಳಿಸಿ, ಬೆರಳ ತುದಿಯಲ್ಲಿ ಒತ್ತಿ ಕೂರಿಸಿ, ಆಮೇಲೆ ಗೋಡೆ, ಆಮೇಲೆ ಮೇಲಿನ ಸಮತಟ್ಟು. ಬ್ಲೌಸಿನ ಕಪ್ ಕೂರಿಸುವ ಹಾಗೆ, ಆತುರ ಇಲ್ಲದೆ.

ಇನ್ನೊಂದು ಅರ್ಧವೂ ಹೀಗೇ. ಅಂಚನ್ನು ಹಿಂದಕ್ಕೆ ಒಂದು ಇಂಚು ಮಡಚಿ ಅಂಟಿಸಿ. ಮೂಲೆ ತಿರುವಲ್ಲಿ ಕುತ್ತಿಗೆ ಪಟ್ಟಿಗೆ ಕೊಡುವ ಹಾಗೆ ಸಣ್ಣ ಸಣ್ಣ ಕಟ್ ಕೊಡಿ, ಇಲ್ಲದಿದ್ದರೆ ಸುಕ್ಕು. ಲೈಟಿನ ತೂತನ್ನು ದುಂಡಗೆ ಕತ್ತರಿಸಬೇಡಿ. ಗುಣಾಕಾರದ ಗುರುತಿನ ಹಾಗೆ ಸೀಳಿ, ನಾಲ್ಕು ತುದಿಯನ್ನೂ ಒಳಗೆ ಮಡಚಿ.

ಒಂದು ದಿನ ನೆರಳಲ್ಲಿ ಬಿಡಿ, ಆಮೇಲೆ ಬೋರ್ಡನ್ನು ಕಾರಿನೊಳಗೆ ಕೂರಿಸಿ. ಮೊದಲು ಲೈಟಿನ ವೈರನ್ನು ತೂತಿನಿಂದ ಹೊರಗೆ ಎಳೆದುಕೊಳ್ಳಿ, ಹಿಡಿಕೆ ಬಿಗಿದ ಮೇಲೆ ನೆನಪಾದರೆ ಮತ್ತೆಲ್ಲ ಬಿಚ್ಚಬೇಕು. ಬೀಡಿಂಗ್ ಕೊನೆಗೆ, ಅಂಗೈಯಲ್ಲಿ ತಟ್ಟುತ್ತಾ. ಇಡ್ಲಿ ತಟ್ಟೆಯನ್ನು ಅತ್ತೆ ಹುಣಸೆಹಣ್ಣು ಹಾಕಿ ಎರಡು ಸಲ ತಿಕ್ಕಿದರು.