ವಿಕಿರಣ ಪಟ್ಟಿಯ ಎಲೆಕ್ಟ್ರಾನ್‌ಗಳ ಮೇಲೆ ಯಾವ ಅಲೆ ಪ್ರಭಾವ ಬೀರಿದೆ ಎಂದು ಗುರುತಿಸುವ ಕ್ರಮ

ಭೂಮಿಯ ಹೊರ ವಿಕಿರಣ ಪಟ್ಟಿಯ (ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಅತಿವೇಗದ ಎಲೆಕ್ಟ್ರಾನ್‌ಗಳ ವಲಯದ) ಮಾಪನಗಳನ್ನು ಕೈಗೆತ್ತಿಕೊಂಡಾಗ, ಮೊದಲು ಆ ಸ್ಥಳದ ಕಾಂತಕ್ಷೇತ್ರವನ್ನು ಆಧರಿಸಿ, ಎಲೆಕ್ಟ್ರಾನ್ ಕ್ಷೇತ್ರರೇಖೆಯ ಸುತ್ತ ಸುತ್ತುವ ಆವರ್ತಾಂಕವನ್ನು ಲೆಕ್ಕಹಾಕಿ. ಒಂದು ನ್ಯಾನೊಟೆಸ್ಲಾಗೆ ಸುಮಾರು 28 ಹರ್ಟ್ಸ್‌ನಂತೆ ಗುಣಿಸಿದರೆ ಸಾಕು; ಭೂಕೇಂದ್ರದಿಂದ 5 ಭೂತ್ರಿಜ್ಯಗಳ ದೂರದಲ್ಲಿ, ಸಮಭಾಜಕ ತಲದಲ್ಲಿ, ಅದು ಸುಮಾರು 7 ಕಿಲೊಹರ್ಟ್ಸ್ ಆಗುತ್ತದೆ.

ಬಳಿಕ ಪ್ಲಾಸ್ಮಾದ, ಅಂದರೆ ವಿದ್ಯುದಾವೇಶವುಳ್ಳ ಕಣಗಳ ಅನಿಲದ, ಸಾಂದ್ರತೆಯನ್ನು ನೋಡಿ. ಸಾಂದ್ರತೆ ಹಠಾತ್ತನೆ ಕುಸಿಯುವ ಗಡಿಯ ಹೊರಗೆ, ಈ ಆವರ್ತಾಂಕದ ಹತ್ತನೇ ಒಂದು ಭಾಗದಿಂದ ಅರ್ಧದವರೆಗೆ, ಏರುದನಿಯ ತುಣುಕುಗಳಂತೆ ಕಾಣುವುದು ಕೋರಸ್ ಅಲೆ. ಗಡಿಯ ಒಳಗೆ ಒಡೆಯದೆ ಹರಡಿಕೊಂಡಿರುವುದು ಹಿಸ್. ಕೋರಸ್ ಅಲೆಯು ನೂರಾರು ಕಿಲೊ ಎಲೆಕ್ಟ್ರಾನ್‌ವೋಲ್ಟ್‌ನ ಎಲೆಕ್ಟ್ರಾನ್‌ಗಳನ್ನು ಮೆಗಾ ಎಲೆಕ್ಟ್ರಾನ್‌ವೋಲ್ಟ್ ಮಟ್ಟಕ್ಕೆ ಏರಿಸಬಲ್ಲದು, ಆದರೆ ಕಡಿಮೆ ಶಕ್ತಿಯವನ್ನು ವಾತಾವರಣಕ್ಕೂ ಚೆಲ್ಲುತ್ತದೆ. ಹಿಸ್ ಮುಖ್ಯವಾಗಿ ನಿಧಾನವಾಗಿ ಸೋರಿಸುವ ಅಲೆ.

ಇನ್ನು ಎಲ್ಲರೂ ಎಡವುವ ಹಂತ. ಎಲೆಕ್ಟ್ರಾನ್ ಪ್ರವಾಹದ (ಉಪಕರಣವನ್ನು ಸೆಕೆಂಡಿಗೆ ತಲುಪುವ ಎಲೆಕ್ಟ್ರಾನ್‌ಗಳ ಪ್ರಮಾಣದ) ಏರಿಳಿತವನ್ನಷ್ಟೇ ನಂಬಬೇಡಿ. ಕಾಂತಬಿರುಗಾಳಿಯಲ್ಲಿ ಕ್ಷೇತ್ರ ದುರ್ಬಲಗೊಂಡಾಗ, ಒಂದು ಎಲೆಕ್ಟ್ರಾನೂ ಕಳೆದುಹೋಗದಿದ್ದರೂ ಪ್ರವಾಹ ಕುಸಿದಂತೆ ತೋರುತ್ತದೆ. ಆದ್ದರಿಂದ ಪ್ರವಾಹವನ್ನು ಹಂತಾವಕಾಶ ಸಾಂದ್ರತೆಗೆ (ಸ್ಥಾನ ಮತ್ತು ಸಂವೇಗ ಎರಡನ್ನೂ ಪರಿಗಣಿಸಿದ ಎಲೆಕ್ಟ್ರಾನ್ ಸಾಂದ್ರತೆಗೆ) ಪರಿವರ್ತಿಸಿ, ಚಲನೆಯ ಮೊದಲ ಎರಡು ಅಚರಗಳನ್ನು (ಕ್ಷೇತ್ರರೇಖೆಯ ಸುತ್ತಲಿನ ಸುತ್ತುವಿಕೆ ಮತ್ತು ಅದರುದ್ದಕ್ಕೂ ಹಿಂದುಮುಂದಿನ ಚಲನೆಗೆ ಸಂಬಂಧಿಸಿದ, ಕ್ಷೇತ್ರ ನಿಧಾನವಾಗಿ ಬದಲಾದರೂ ಬದಲಾಗದ ಪ್ರಮಾಣಗಳನ್ನು) ಸ್ಥಿರವಾಗಿಟ್ಟು, ದೂರದೊಂದಿಗೆ ಅದು ಹೇಗೆ ಬದಲಾಗುತ್ತದೆ ಎಂದು ಗಂಟೆಗಂಟೆಗೂ ಗುರುತಿಸಿ. ಪಟ್ಟಿಯ ನಡುವೆ ಶಿಖರವೊಂದು ಸ್ಥಳದಲ್ಲೇ ಬೆಳೆಯುತ್ತಿದ್ದರೆ ಕೋರಸ್‌ನಂಥ ಅಲೆಯ ಸ್ಥಳೀಯ ವೇಗವರ್ಧನೆಯನ್ನು ಶಂಕಿಸಿ; ಈ ಸಾಂದ್ರತೆ ಹೊರಗಿನಿಂದ ಒಳಕ್ಕೆ ಏಕರೂಪವಾಗಿ ಇಳಿಯುತ್ತಿದ್ದರೆ ಅತಿ ಕಡಿಮೆ ಆವರ್ತಾಂಕದ ಅಲೆಗಳು ಎಲೆಕ್ಟ್ರಾನ್‌ಗಳನ್ನು ಒಳತಳ್ಳಿರುವುದು ಸಂಭವನೀಯ. 2012ರಲ್ಲಿ ಉಡಾವಣೆಯಾದ ವ್ಯಾನ್ ಅಲೆನ್ ಅವಳಿ ನೌಕೆಗಳ ಮಾಪನಗಳು ಈ ಅಭ್ಯಾಸಕ್ಕೆ ತಕ್ಕವು, ಏಕೆಂದರೆ ಒಂದೇ ನೌಕೆಯಿದ್ದರೆ ಬದಲಾವಣೆ ಕಾಲದ್ದೋ ಸ್ಥಳದ್ದೋ ಎಂದು ಬಿಡಿಸುವುದು ಕಷ್ಟ.